ಅತ್ತೆ ಬರೆದ ಪ್ರಶ್ನೆಪತ್ರಿಕೆ

ಆ ಭಾನುವಾರದ ಡೈರಿಯ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: "ಟೆಸ್ಟ್. ಹನ್ನೊಂದೂವರೆ. ತಲೆನೋವು." ಹನ್ನೊಂದೂವರೆ ಎಂದರೆ ಹೊತ್ತಲ್ಲ, ಇಪ್ಪತ್ತಕ್ಕೆ ನನಗೆ ಬಂದ ಅಂಕ. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ, ಅದಕ್ಕೆ ಕಾರಣವೂ ಮುಂದೆ ಬರುತ್ತದೆ. ಪ್ರಶ್ನೆಪತ್ರಿಕೆ ಮಾತ್ರ ನನ್ನ ಹತ್ತಿರ ಇದೆ. ಗೆರೆ ಹಾಕಿದ ಎರಡು ಹಾಳೆ, ಅತ್ತೆಯ ದುಂಡು ಅಕ್ಷರ, ಕೆಂಪು ಶಾಯಿಯ ಗುರುತುಗಳು. ಮಡಿಕೆ ಬಿದ್ದಲ್ಲಿ ಸ್ವಲ್ಪ ಹರಿದಿದೆ. ಆ ದಿನಕ್ಕೆ ಸಾಕ್ಷಿ ಅಂತ ಇರುವುದು ಅಷ್ಟೇ.

ನಾನು ಕೆಲಸ ಮಾಡುವುದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ. ಕರೆಂಟಿನ ಸ್ವಿಚ್ಚು, ಮೀಟರುಗಳನ್ನು ಕೂರಿಸುವ ದೊಡ್ಡ ತಗಡಿನ ಪೆಟ್ಟಿಗೆಗಳನ್ನು ನಾವು ಮಾಡುತ್ತೇವೆ. ಕಾಗದದಲ್ಲಿ ನಾನು ಪ್ಲಾನಿಂಗ್ ಎಂಜಿನಿಯರ್. ಆದರೆ ಹದಿನಾಲ್ಕು ವರ್ಷದಿಂದ ಎಲ್ಲರ ಬಾಯಲ್ಲೂ "ಫಾಲೋಅಪ್ ಮೇಡಂ". ತಗಡು ಬಂತಾ, ಕತ್ತರಿಸಿ ಆಯಿತಾ, ಬಣ್ಣಕ್ಕೆ ಹೋದದ್ದು ವಾಪಸ್ ಬಂತಾ ಎಂದು ಎಲ್ಲರ ಬೆನ್ನು ಹತ್ತುವುದು ನನ್ನ ಕೆಲಸ. ಬಣ್ಣ ಹೊಡೆಯುವ ಶೆಡ್ಡಿನವರು ಫೋನ್ ಎತ್ತದಿದ್ದರೆ ನಾನೇ ಅಲ್ಲಿಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ನಾನು ಕೂತಿರುವಷ್ಟು ಹೊತ್ತು ನಮ್ಮ ಪೆಟ್ಟಿಗೆಗಳು ಸಾಲಿನಲ್ಲಿ ಮುಂದೆ ಹೋಗುತ್ತವೆ. ಎದ್ದು ಬಂದರೆ ಬೇರೆಯವರ ಪೆಟ್ಟಿಗೆಗಳು ಹೋಗುತ್ತವೆ. ನಮ್ಮ ಕಡೆ ಇದಕ್ಕೆ "ಕೂತು ಮಾಡಿಸೋದು" ಅನ್ನುತ್ತಾರೆ. ಈ ಕೆಲಸದಲ್ಲಿ ನಾನು ಚೆನ್ನಾಗಿದ್ದೆ. ಬೇಸರವೂ ಬಂದಿತ್ತು.

ಕಳೆದ ವರ್ಷ ಒಬ್ಬ ದೊಡ್ಡ ಗಿರಾಕಿಯಿಂದ ಎರಡು ವರ್ಷ ನಡೆಯುವಂಥ ಕೆಲಸ ಬಂತು. ಅವರದೊಂದು ಷರತ್ತು: ಇಡೀ ಕೆಲಸದ ಹೊಣೆ ಹೊರುವವರಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇರಬೇಕು. ಮಾಲೀಕರು ನನ್ನನ್ನು ಕರೆಸಿದರು.

"ನೋಡಿ ಮೇಡಂ, ಕೆಲಸ ನಿಮಗೆ ಗೊತ್ತು. ಆದ್ರೆ ಅವ್ರಿಗೆ ಪೇಪರ್ ಬೇಕು. ಮೂರು ತಿಂಗಳು ಟೈಮ್ ಕೇಳಿದೀನಿ. ಪಾಸ್ ಮಾಡ್ಕೊಂಡ್ ಬನ್ನಿ, ಪ್ರಾಜೆಕ್ಟ್ ನಿಮ್ಮ ಹೆಸ್ರಲ್ಲೇ. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ತರ್ಬೇಕಾಗತ್ತೆ."

"ಹೊರಗಿಂದ ಬಂದೋರಿಗೆ ಫಾಲೋಅಪ್ ಯಾರು ಮಾಡ್ತಾರೆ ಸಾರ್?"

"ಅದು ನೀವೇ," ಎಂದು ನಕ್ಕರು. ನಾನೂ ನಕ್ಕೆ. ಮೆಟ್ಟಿಲು ಇಳಿಯುವಾಗ ಮಾತ್ರ ನಗು ಬರಲಿಲ್ಲ. ಹೊರಗಿನಿಂದ ಬಂದವರ ಹಿಂದೆ ಇನ್ನೆರಡು ವರ್ಷ ಪುಸ್ತಕ ಹಿಡಿದುಕೊಂಡು ಓಡಾಡುವ ನನ್ನ ಚಿತ್ರ ಕಣ್ಣ ಮುಂದೆ ಬಂತು. ಅದು ಆಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಮೆಟ್ಟಿಲ ಮೇಲೆ ತೀರ್ಮಾನಿಸಿದೆನೋ, ಮನೆಗೆ ಹೋಗುವಾಗ ನಾಗಸಂದ್ರದ ಮೆಟ್ರೋ ಸ್ಟೇಷನ್ನಿನಲ್ಲೋ, ಈಗ ಖಚಿತವಾಗಿ ಹೇಳಲಾರೆ.

ಪರೀಕ್ಷೆ ಎಂದರೆ ನೂರ ಎಂಬತ್ತು ಪ್ರಶ್ನೆ, ನಾಲ್ಕು ಗಂಟೆಗೆ ಹತ್ತು ನಿಮಿಷ ಕಡಿಮೆ. ಎಲ್ಲವೂ ಕಂಪ್ಯೂಟರಿನಲ್ಲಿ. ವ್ಯಾಖ್ಯೆ ಬರೆಯಿರಿ, ಲೆಕ್ಕ ಮಾಡಿ ಎನ್ನುವಂಥದ್ದು ಕಡಿಮೆ. ಪ್ರತಿ ಪ್ರಶ್ನೆಯೂ ಒಂದು ಪುಟ್ಟ ಸನ್ನಿವೇಶ: ಯಾರೋ ಕೆಲಸ ತಡ ಮಾಡುತ್ತಿದ್ದಾರೆ, ಯಾರೋ ಸಿಟ್ಟಾಗಿದ್ದಾರೆ, ಗಿರಾಕಿ ನಡುವೆ ಬಂದು ಹೊಸದೇನೋ ಕೇಳುತ್ತಾನೆ, ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು? ಕೆಳಗೆ ನಾಲ್ಕು ಉತ್ತರ. ನಾಲ್ಕೂ ಒಳ್ಳೆಯ ಮನುಷ್ಯರು ಮಾಡುವಂಥವೇ. ಅದರಲ್ಲಿ ಒಂದನ್ನು ಆರಿಸಬೇಕು.

ಇಂಟರ್‌ನೆಟ್ಟಿನಲ್ಲಿ ಆರು ಅಭ್ಯಾಸ ಪರೀಕ್ಷೆಗಳ ಒಂದು ಕಟ್ಟು ಕೊಂಡೆ. ಮೊದಲನೆಯದರಲ್ಲಿ ನೂರಕ್ಕೆ ಐವತ್ತನಾಲ್ಕು ಬಂತು. ತಪ್ಪಾದ ಉತ್ತರಗಳನ್ನು ತಿರುಗಿ ನೋಡಿದರೆ ಎಲ್ಲದರಲ್ಲೂ ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದೆ. ಕೆಲಸ ತಡವಾಗುತ್ತಿದ್ದರೆ ಸ್ಥಳಕ್ಕೆ ಹೋಗಿ ನಿಂತು ಮಾಡಿಸುವುದು ನನ್ನ ಉತ್ತರ. ತಡ ಏಕೆ ಆಗುತ್ತಿದೆ ಎಂದು ಆ ಮನುಷ್ಯನನ್ನೇ ಕೇಳುವುದು ಪರೀಕ್ಷೆಯ ಉತ್ತರ. ಕೇಳುವ ಮಾತು ಹದಿನಾಲ್ಕು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲವೇ? ಹೊಳೆದಿರಬೇಕು. ಕೇಳಿಯೂ ಇರಬೇಕು. ನೆನಪಿಗೆ ಮಾತ್ರ ಬರುತ್ತಿಲ್ಲ.

ಟೆಸ್ಟ್ ಬರೆಯಲು ಭಾನುವಾರ ಬೆಳಿಗ್ಗೆ ಗೊತ್ತು ಮಾಡಿಕೊಂಡೆ. ಮಗಳು ಮತ್ತು ಅವಳ ಅಪ್ಪ ಬ್ಯಾಡ್ಮಿಂಟನ್‌ಗೆ ಹೋಗುತ್ತಾರೆ. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು, ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಮ್ಮ ಜೊತೆ ಇರಲು ಬಂದು ಆಗ ಎರಡು ವರ್ಷ ಆಗಿತ್ತು. ನಾನು ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಕ್ಕದಲ್ಲಿ ಫೋನ್ ಇಟ್ಟುಕೊಳ್ಳುವುದನ್ನು ಅವರು ಮೊದಲ ದಿನ ನೋಡಿದರು.

"ಪರೀಕ್ಷಾದಾಗ ಫೋನ್ ಬಿಡ್ತಾರೇನು?"

"ಇಲ್ಲ ಅತ್ತೆ, ಲಾಕರ್‌ನಲ್ಲಿ ಇಡ್ಬೇಕು."

"ಹಂಗಾರ ಇಲ್ಲಿ ಕೊಡು." ಕೈ ಚಾಚಿದರು. "ನೀರಿನ ಬಾಟ್ಲಿ?"

"ಅದೂ ಬಿಡಲ್ಲ."

"ಅದನ್ನೂ ಕೊಡು."

ಅಂದಿನಿಂದ ಅವರು ಮೇಲ್ವಿಚಾರಕಿ. ನನ್ನೆದುರು ಕುರ್ಚಿಯಲ್ಲಿ ಕೂತು, ಮೆಂತ್ಯೆ ಸೊಪ್ಪನ್ನೋ ಅವರೆಕಾಳನ್ನೋ ಬಿಡಿಸುತ್ತ, ನಡುನಡುವೆ ಗೋಡೆಯ ಗಡಿಯಾರ ನೋಡಿ "ಒಂದು ತಾಸಾತು", "ಎರಡು ತಾಸಾತು" ಎಂದು ಸಾರುತ್ತಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಅಷ್ಟು ಉದ್ದದ ವಾಕ್ಯಗಳಲ್ಲಿ ಆಸಕ್ತಿ ಇರಲಿಲ್ಲ. ಅಲ್ಲದೆ ಎಡಗಣ್ಣಿಗೆ ಪೊರೆ ಬಂದಿತ್ತು. ಪರದೆ ನೋಡಿದರೆ ಅದರಲ್ಲಿ ನೀರು ಬರುತ್ತಿತ್ತು. ಅವರು ನೋಡುತ್ತಿದ್ದದ್ದು ನನ್ನನ್ನು.

ಆರು ಭಾನುವಾರಕ್ಕೆ ಆರು ಟೆಸ್ಟ್ ಮುಗಿದವು. ಕೊನೆಯದರಲ್ಲಿ ಅರವತ್ತಾರು ಬಂತು. ಎಂಬತ್ತು ಬಂದರೆ ಧೈರ್ಯವಾಗಿ ಹೋಗಬಹುದು ಎಂದು ಬಲ್ಲವರು ಹೇಳುತ್ತಿದ್ದರು. ಬೇರೆ ಪ್ರಶ್ನೆಗಳಿಗೆ ಹುಡುಕುವ ಬದಲು ಅವೇ ಆರನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಂಬತ್ತೊಂದು ಬಂತು. ಮರುವಾರ ಎಂಬತ್ತಾರು. ಅದರ ಮರುವಾರ ತೊಂಬತ್ತೊಂದು! ನಾನು ಹಿಗ್ಗಿದ್ದೆ. ಪರೀಕ್ಷೆಯ ದಿನ ಕಾಯ್ದಿರಿಸಿ ಮಾಲೀಕರಿಗೆ ಹೇಳಿಯೂ ಬಿಟ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆಗಳನ್ನು ತಿರುವಿ ಹಾಕಿ ಪಾಸಾದವಳು ನಾನು. ಆ ಅಭ್ಯಾಸ ಇಪ್ಪತ್ತು ವರ್ಷವಾದರೂ ಕೈ ಬಿಟ್ಟಿರಲಿಲ್ಲ.

ಇದೇ ದಿನಗಳಲ್ಲಿ ಅತ್ತೆಯ ಕಣ್ಣಿನ ಆಪರೇಷನ್ನಿಗೂ ದಿನ ಗೊತ್ತಾಯಿತು. ಆಸ್ಪತ್ರೆಯಲ್ಲಿ ಅವರ ಕಣ್ಣಿಗೆ ಹನಿ ಹಾಕಿ, ಕಣ್ಣು ಮುಚ್ಚಿ ಕೂರಿಸಿದ್ದರು. ಡಾಕ್ಟರು ಕೇಳಿದ್ದು ನಮ್ಮನ್ನು. ನಾನೂ ನನ್ನ ಗಂಡನೂ ಫೋನ್ ತೆಗೆದು ಒಬ್ಬರಿಗೊಬ್ಬರು ರಜೆ ಹೊಂದಿಸಿಕೊಂಡು, ಎರಡು ವಾರ ಬಿಟ್ಟು ಬರುವ ಶನಿವಾರ ಎಂದೆವು. ಅತ್ತೆಗೆ ಹೇಳಿದಾಗ "ಆತು" ಎಂದರು. ಆಟೋದಲ್ಲಿ ಬರುವಾಗ ಏನೂ ಮಾತಾಡಲಿಲ್ಲ. ಕಣ್ಣು ಉರಿಯುತ್ತಿರಬೇಕು ಎಂದುಕೊಂಡೆ.

ತೊಂಬತ್ತೊಂದು ಬಂದ ಭಾನುವಾರ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದಾಗ ಅತ್ತೆ ಗಡಿಯಾರ ನೋಡಿದರು.

"ಎರಡು ತಾಸೂ ಆಗಿಲ್ಲ."

"ಮುಗೀತು ಅತ್ತೆ! ತೊಂಬತ್ತೊಂದು!"

ಅವರು ಸಂತೋಷ ಪಡಲಿಲ್ಲ. ಸೊಪ್ಪಿನ ಬುಟ್ಟಿ ಬದಿಗಿಟ್ಟರು. "ಮೊದಲನೇ ಸಲ ಒಂದೊಂದು ಪ್ರಶ್ನಿಗೂ ಹಣಿ ಗಂಟು ಹಾಕ್ಕೊಂಡು ಕುಂದರ್ತಿದ್ದಿ. ತುಟಿ ಅಲ್ಲಾಡ್ತಿದ್ವು. ಇವತ್ತ ತುಟೀನೂ ಅಲ್ಲಾಡಲಿಲ್ಲ, ಕಣ್ಣೂ ಕೆಳಗ ಇಳೀಲಿಲ್ಲ. ನೀ ಓದಾಕತ್ತಿಲ್ಲವಾ. ಪ್ರಶ್ನಿ ಮಾರಿ ನೋಡಿ ಗುರುತು ಹಿಡಿಯಾಕತ್ತಿ, ಮಂದಿ ಮುಖ ನೋಡಿ ಹಿಡಿದಂಗ."

"ಅಯ್ಯೋ, ಪ್ರಾಕ್ಟೀಸ್ ಆದ್ರೆ ಸ್ಪೀಡ್ ಬರತ್ತಲ್ಲ ಅತ್ತೆ."

"ಹೌದೇನು? ಹಂಗಾರ ಈಗ ಬರೆದದ್ದರಾಗ ಯಾವುದಾರ ಒಂದು ಪ್ರಶ್ನಿ ಹೇಳು. ಉತ್ತರ ಬ್ಯಾಡ. ಉಳಿದ ಮೂರು ಯಾಕ ತಪ್ಪು, ಅದನ್ನ ಹೇಳು."

ನಾನು ಬಾಯಿ ತೆರೆದೆ. ಮೊದಲನೇ ಪ್ರಶ್ನೆಗೆ ಉತ್ತರ ಎರಡನೆಯದು ಎಂದು ಗೊತ್ತಿತ್ತು. ಅದರಲ್ಲಿ ಒಂದು ಸೇತುವೆಯ ವಿಷಯ ಇತ್ತು ಎಂದೂ ಗೊತ್ತಿತ್ತು. ಸೇತುವೆಗೆ ಏನಾಗಿತ್ತು ಎಂಬುದು ನೆನಪಿಗೆ ಬರಲಿಲ್ಲ.

ಅತ್ತೆ ಮತ್ತೆ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡರು. ನನ್ನನ್ನು ನೋಯಿಸಬಾರದು ಎಂದೋ ಏನೋ, ತಮ್ಮ ಶಾಲೆಯ ಕಥೆ ತೆಗೆದರು. "ನಾಕನೇ ಇಯತ್ತೆ ಹುಡುಗ್ರು ಲೆಕ್ಕದ ಪುಸ್ತಕಾನೇ ಬಾಯಿಪಾಠ ಮಾಡ್ಕೊಂಡು ಬರ್ತಿದ್ವು. ನಾ ಏನ್ ಮಾಡ್ತಿದ್ದೆ ಗೊತ್ತೈತೇನು? ಮಾವಿನಹಣ್ಣು ತಗದು ಎಮ್ಮಿ ಹಾಕ್ತಿದ್ದೆ. ಲೆಕ್ಕ ಅದss. ಅರ್ಧ ಕ್ಲಾಸು ಫೇಲಾಗ್ತಿತ್ತು."

ನಾನು ಸಿಟ್ಟು ಮಾಡಿಕೊಂಡಿದ್ದೆನೆಂದು ಗಂಡ ಹೇಳುತ್ತಾನೆ. ನನಗೆ ಹಾಗೆ ನೆನಪಿಲ್ಲ. ಸಂಜೆ ಚಹಾ ಕುಡಿಯುವಾಗ ನಾನೇ ಹೋಗಿ "ನನಗೂ ಎಮ್ಮೆ ಹಾಕಿ ಕೊಡ್ತೀರಾ?" ಎಂದು ಕೇಳಿದ್ದು ನೆನಪಿದೆ. ಇಬ್ಬರೂ ಸರಿಯೇ ಇರಬಹುದು.

ಆ ವಾರ ದಿನಾ ಸಂಜೆ ಅರ್ಧ ಗಂಟೆ ಅತ್ತೆಯ ಪಕ್ಕ ಕೂತು ನಾಲ್ಕೈದು ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಗಂಭೀರವಾಗಿ ಕಾಣುತ್ತಿದ್ದ ಮಾತುಗಳು ಕನ್ನಡಕ್ಕೆ ಬಂದಾಗ ಚಿಕ್ಕವಾದವು. ಮೊದಲು ಏನಾಗಿದೆ ಎಂದು ತಿಳಿದುಕೋ. ಸಂಬಂಧಪಟ್ಟವರನ್ನು ಕೂರಿಸಿಕೊಂಡು ಕೇಳು. ಬದಲಾಯಿಸಿದರೆ ಏನೇನಕ್ಕೆ ತಾಗುತ್ತದೆ ನೋಡು. ಮೇಲಿನವರ ಹತ್ತಿರ ಓಡುವುದು ಕೊನೆಗೆ. ಅತ್ತೆ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇದನ್ನೆಲ್ಲ ಬರೆದುಕೊಂಡರು.

"ಇಷ್ಟss ಏನು? ಇದಕ್ಕ ಸರ್ಟಿಫಿಕೇಟ್ ಬೇಕೇನು?"

"ಬೇಕಂತೆ."

"ಇರಲಿ. ಬರೋಬ್ಬರಿ ಐತಿ."

ಮುಂದಿನ ಭಾನುವಾರ ಪ್ರಶ್ನೆಪತ್ರಿಕೆ ಸಿದ್ಧವಾಗಿತ್ತು. ಮೇಲೆ ಗೆರೆ ಎಳೆದು "ಸಮಯ: 40 ನಿಮಿಷ, ಅಂಕ: 20" ಎಂದು ಬರೆದಿದ್ದರು. ಫೋನ್ ಕೊಟ್ಟೆ, ನೀರಿನ ಬಾಟಲಿ ಕೊಟ್ಟೆ. ಪೆನ್ನಿನಲ್ಲಿ ಪರೀಕ್ಷೆ ಬರೆದು ಎಷ್ಟು ವರ್ಷವಾಗಿತ್ತೋ! ಇಪ್ಪತ್ತು ಪ್ರಶ್ನೆಗಳು, ಒಂದೊಂದಕ್ಕೂ ಅ, ಆ, ಇ, ಈ ಎಂದು ನಾಲ್ಕು ಉತ್ತರ. ಗೃಹಪ್ರವೇಶ, ಬೋರ್‌ವೆಲ್, ಶಾಲೆಯ ವಾರ್ಷಿಕೋತ್ಸವ, ಮದುವೆಯ ಹೋಳಿಗೆ. ನಾನು ನಗುತ್ತಲೇ ಬರೆದೆ. ಇಪ್ಪತ್ತೈದು ನಿಮಿಷಕ್ಕೆ ಕೊಟ್ಟುಬಿಟ್ಟೆ.

ಅತ್ತೆ ಕನ್ನಡಕ ಏರಿಸಿ ಕೆಂಪು ಪೆನ್ನು ತೆಗೆದರು. ತಿದ್ದುವಾಗ ಅವರ ಮುಖ ಬೇರೆಯವರ ಮುಖದಂತೆ ಇತ್ತು. ಹನ್ನೊಂದೂವರೆ.

"ಇದು ಹ್ಯಾಗೆ ತಪ್ಪು?" ಎಂದು ನಾನು ಮೂರನೇ ಪ್ರಶ್ನೆಗೆ ಬೆರಳಿಟ್ಟೆ. ಶಾಲೆಗೆ ಬಿಸಿಯೂಟದ ಅಡುಗೆಕೋಣೆ ಕಟ್ಟಿಸುತ್ತಿದ್ದಾರೆ. ಗೋಡೆ ಅರ್ಧ ಎದ್ದ ಮೇಲೆ ಊರಿನ ಹಿರಿಯರೊಬ್ಬರು ಬಂದು ಬಾಗಿಲು ಪೂರ್ವಕ್ಕೆ ಇಡಿ ಎನ್ನುತ್ತಾರೆ. ಮುಖ್ಯೋಪಾಧ್ಯಾಯಿನಿ ಮೊದಲು ಏನು ಮಾಡಬೇಕು? ಆಗುವುದಿಲ್ಲ, ನಕ್ಷೆ ಮಂಜೂರಾಗಿದೆ ಎನ್ನಬೇಕು ಎಂದು ನಾನು ಗುರುತು ಮಾಡಿದ್ದೆ.

"ನೀನss ಹೇಳಿದ್ದಲ್ಲವಾ, ಬದಲಿ ಮಾಡಿದ್ರ ಏನೇನಕ್ಕ ತಾಗ್ತದ ಅಂತ ಮೊದಲ ನೋಡ್ಬೇಕು ಅಂತ? ಆಮ್ಯಾಲ ಹ್ಞೂಂ ಅನ್ನು, ಉಹ್ಞೂಂ ಅನ್ನು."

ನಿಜ. ಇದೇ ಪ್ರಶ್ನೆಯನ್ನು ಕಾರ್ಖಾನೆ, ಸಾಫ್ಟ್‌ವೇರು, ಸೇತುವೆಗಳ ವೇಷದಲ್ಲಿ ನಾನು ಎಷ್ಟೋ ಸಲ ಸರಿ ಮಾಡಿದ್ದೆ. ಹಿರಿಯರೊಬ್ಬರು ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತ ಕೂಡಲೇ ನನಗೆ ರೇಗಿ ಹೋಗಿತ್ತು.

"ಇದು ನಿಜವಾಗ್ಲೂ ಆಗಿತ್ತಾ ಅತ್ತೆ?"

"ಆಗದೇನು? ನಮ್ಮ ಸಾಲ್ಯಾಗss."

"ನೀವೇನ್ ಮಾಡಿದ್ರಿ?"

"ಹಿರ್ಯಾರು ಅಂತ ಬಾಗಲಾ ಪೂರ್ವಕ್ಕ ಇಡಿಸಿದೆ. ಒಂದು ವರ್ಷ ಹೊಗಿ ಎಲ್ಲಾ ಒಂದನೇ ಇಯತ್ತೆ ಖೋಲಿಗೆ ಹೋತು. ಮಕ್ಕಳು ಕಣ್ಣು ತಿಕ್ಕೋಂತ ಅ ಆ ಇ ಈ ಕಲತ್ವು." ಅವರಿಗೇ ನಗು ಬಂತು. "ಅದಕ್ಕ ಆ ಉತ್ತರಾನೂ ತಪ್ಪು ಅಂತ ನನಗ ಗೊತ್ತು."

ಇಬ್ಬರೂ ನಕ್ಕೆವು. ತಪ್ಪಾದ ಎಂಟನ್ನೂ ಒಂದೊಂದಾಗಿ ನೋಡಿದೆವು, ಎಂಟರಲ್ಲೂ ನನಗೆ ವಾದ ಉಳಿಯಲಿಲ್ಲ. ಆಮೇಲೆ ಹದಿನಾಲ್ಕನೆಯದು ಕಣ್ಣಿಗೆ ಬಿತ್ತು. ಸರಿ ಗುರುತು ಇತ್ತು, ಪಕ್ಕದಲ್ಲಿ ಅರ್ಧ ಅಂಕ.

"ಇದು ಸರಿ ಅಂತ ಹಾಕಿದೀರಲ್ಲ, ಅರ್ಧ ಯಾಕೆ?"

"ಉತ್ತರ ಸರಿ ಐತಿ. ಪ್ರಶ್ನಿ ಓದಿಲ್ಲ ನೀ."

"ಓದದೆ ಸರಿ ಉತ್ತರ ಹ್ಯಾಗೆ ಬರತ್ತೆ?"

"ಹಂಗಾರ ಓದೀ ಬಿಡು," ಎಂದು ಎದ್ದು ಅಡುಗೆಮನೆಗೆ ಹೋದರು.

ಅದನ್ನು ತಮಾಷೆ ಅಂದುಕೊಂಡೆ. ತಪ್ಪು ಮಾಡಿದವುಗಳನ್ನು ಇನ್ನೊಮ್ಮೆ ನೋಡಬೇಕು ಎಂದು ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡಬ್ಬಿ ತೆರೆಯುವ ಮೊದಲು ಆ ಹಾಳೆಗಳನ್ನು ತೆಗೆದೆ. ತಪ್ಪುಗಳನ್ನೆಲ್ಲ ನೋಡಿ ಮುಗಿಸಿ, ಸುಮ್ಮನೆ ಹದಿನಾಲ್ಕನೆಯದನ್ನು ಓದಿದೆ. ಹಾಳೆ ಈಗ ಎದುರಿಗೇ ಇದೆ, ಇದ್ದಂತೆಯೇ ಬರೆಯುತ್ತೇನೆ:

"ಒಂದು ಮನೆಯಲ್ಲಿ ಹಿರಿಯರೊಬ್ಬರಿಗೆ ಕಣ್ಣಿನ ಆಪರೇಷನ್ ಆಗಬೇಕಾಗಿದೆ. ಮಗ, ಸೊಸೆ ಮತ್ತು ಡಾಕ್ಟರು ಸೇರಿ ದಿನ ಗೊತ್ತು ಮಾಡಿ ತಿಳಿಸಿದ್ದಾರೆ. ಹಿರಿಯರು 'ಆಯಿತು' ಎಂದು ಸುಮ್ಮನಾಗಿದ್ದಾರೆ. ಸೊಸೆ ಮೊದಲು ಏನು ಮಾಡಬೇಕು? ಅ) ಒಪ್ಪಿದರು ಎಂದು ತಿಳಿದು ಮುಂದಿನ ಏರ್ಪಾಟು ಮಾಡಬೇಕು. ಆ) ಮಗನಿಂದ ಇನ್ನೊಮ್ಮೆ ಹೇಳಿಸಬೇಕು. ಇ) ಹಿರಿಯರ ಹತ್ತಿರ ಕೂತು ಆ ದಿನ ಅವರಿಗೆ ಅನುಕೂಲವೇ ಎಂದು ಕೇಳಬೇಕು. ಈ) ಆಪರೇಷನ್ನಿನ ಲಾಭಗಳನ್ನು ವಿವರಿಸಬೇಕು."

'ಇ' ಎಂಬುದರ ಸುತ್ತ ನನ್ನ ನೀಲಿ ಪೆನ್ನಿನ ದುಂಡು ಗುರುತು ಇತ್ತು. ಹತ್ತಿರ ಕೂತು ಕೇಳಬೇಕು ಎಂಬ ಮಾತು ಕಂಡ ಕೂಡಲೇ ಇದೇ ಎಂದು ಗುರುತು ಹಾಕಿ ಹದಿನೈದಕ್ಕೆ ಹೋಗಿದ್ದೆ. ಮಾರಿ ನೋಡಿ ಗುರುತು ಹಿಡಿದಿದ್ದೆ. ನನ್ನ ಎದುರು ಕೂತ ಹೆಂಗಸು ತನ್ನ ಮಾತನ್ನು ನನ್ನ ಕೈಗೇ ಕೊಟ್ಟಿದ್ದಳು. ನಾನು ಅದಕ್ಕೆ ಸರಿ ಉತ್ತರ ಬರೆದು ವಾಪಸ್ ಕೊಟ್ಟಿದ್ದೆ.

ಡಬ್ಬಿಯನ್ನು ತೆರೆಯದೆ ಹಾಗೇ ಬ್ಯಾಗಿಗೆ ಹಾಕಿದೆ. ಮಧ್ಯಾಹ್ನ ಬಣ್ಣದ ಶೆಡ್ಡಿಗೆ ಹೋಗುವುದಿತ್ತು, ಹೋದೆ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅತ್ತೆಯ ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ.

"ಅತ್ತೆ, ಆ ಶನಿವಾರ ನಿಮಗೆ ಅನುಕೂಲಾನಾ?"

ಅವರು ಇಸ್ತ್ರಿ ಮಾಡಿದ ಸೀರೆಗಳನ್ನು ಮಡಚುತ್ತಿದ್ದರು. ತಲೆ ಎತ್ತಲಿಲ್ಲ. "ಯಾಕ, ಈಗ ಓದಿದೇನು?"

"ಓದಿದೆ."

"ಇಲ್ಲ, ಅನುಕೂಲಿಲ್ಲ."

"ಯಾಕೆ?"

ಇಷ್ಟು ಹೊತ್ತಿಗೆ ನಾನು ಮನಸ್ಸಿನಲ್ಲೇ ಹಲವು ಕಾರಣಗಳನ್ನು ಊಹಿಸಿದ್ದೆ. ಭಯ ಇರಬೇಕು. ಅಮಾವಾಸ್ಯೆ ಹತ್ತಿರ ಇರಬೇಕು. ನನ್ನ ಓದಿಗೆ ತೊಂದರೆಯಾಗುತ್ತದೆ ಎಂದಿರಬೇಕು, ಇದನ್ನಂತೂ ಬಹುಮಟ್ಟಿಗೆ ನಂಬಿಯೇ ಬಂದಿದ್ದೆ. ಅತ್ತೆ ಸೀರೆ ಕೆಳಗಿಟ್ಟು ಸ್ವಲ್ಪ ಸಂಕೋಚದಿಂದ ಹೇಳಿದರು.

"ಅವತ್ತ ನಾವು ಮೂರು ಮಂದಿ ಬನಶಂಕರಿಗೆ ಹೊಂಟೀವಿ."

"ಯಾವ ಮೂರು ಮಂದಿ?"

"ಎರಡನೇ ಮಾಳಗಿ ತೆಲುಗು ಅಜ್ಜಿ, ಆಮ್ಯಾಲ ಆ ತುದಿ ಮನಿ ಟೀಚರಮ್ಮ. ಮೆಟ್ರೋದಾಗ. ಇಲ್ಲಿ ಹತ್ತಿದ್ರ ಅಲ್ಲೇ ಇಳಿಸ್ತದಂತ, ಬದಲಿ ಮಾಡೋದಿಲ್ಲಂತ. ಒಂದು ತಿಂಗಳದಿಂದ ಮಾತಾಡಾಕತ್ತೀವಿ. ತಿಂಡಿ ಯಾರು ಏನು ತರೋದು ಅನ್ನೂದೂ ಆಗೇತಿ. ನಂದು ಚಪಾತಿ, ಶೇಂಗಾ ಹಿಂಡಿ."

ಅವರಿಗೆ ಗೆಳತಿಯರಿದ್ದಾರೆ ಎಂದೇ ನನಗೆ ಗೊತ್ತಿರಲಿಲ್ಲ. ಸಂಜೆ ಕೆಳಗೆ ವಾಕಿಂಗ್ ಹೋಗುತ್ತಾರೆ ಎಂದಷ್ಟೇ ಗೊತ್ತಿತ್ತು.

"ಅವತ್ತೇ ಆಸ್ಪತ್ರೇಲಿ ಹೇಳ್ಬೋದಿತ್ತಲ್ಲ ಅತ್ತೆ!"

"ಡಾಕ್ಟರ್ ಮುಂದ ಹೆಂಗ ಹೇಳ್ಲಿ, ನಾ ಗೆಳತ್ಯಾರ ಜೋಡಿ ತಿರುಗಾಕ ಹೊಂಟೀನಿ, ಕಣ್ಣು ಇರಲಿ ಅಂತ? ನೀವಿಬ್ಬರೂ ಫೋನ್ ತಗದು ನೋಡಾಕತ್ತಿದ್ರಿ. ನನ್ನ ಕಣ್ಣು ಮುಚ್ಚಿತ್ತು. ಕೇಳಿದ್ರ ಹೇಳ್ತಿದ್ದೆ."

ಕೇಳಿದ್ರ ಹೇಳ್ತಿದ್ದೆ. ಈ ಮಾತನ್ನು ಅವರು ಹೀಗೇ ಹೇಳಿದರು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದೇ ಸಂಜೆ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆಸ್ಪತ್ರೆಗೆ ಫೋನ್ ಮಾಡಿ, ಈ ಸಲ ಅವರನ್ನೇ ಕೇಳಿ, ನನ್ನ ಪರೀಕ್ಷೆ ಮುಗಿದ ಮರುವಾರಕ್ಕೆ ದಿನ ಬದಲಿಸಿದೆ. ಅದು ಒಂದೇ ನಿಮಿಷದ ಕೆಲಸವಾಗಿತ್ತು. ಆ ಶನಿವಾರ ಬೆಳಿಗ್ಗೆ ಮೂವರು ಹೆಂಗಸರು ಸ್ಟೀಲ್ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದದ್ದನ್ನು ಬಾಲ್ಕನಿಯಿಂದ ನೋಡಿದೆ. ಅತ್ತೆ ನಡುವೆ ಇದ್ದರು, ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದರು.

ಉಳಿದ ದಿನಗಳಲ್ಲಿ ಹಳೆಯ ಆರು ಟೆಸ್ಟುಗಳನ್ನು ಮುಟ್ಟಲಿಲ್ಲ. ನಾನು ಕಾಣದ ಬೇರೆ ಪ್ರಶ್ನೆಗಳ ಒಂದು ಕಟ್ಟು ತಂದೆ. ಅತ್ತೆಯ ನಿಯಮ ಹೀಗಿತ್ತು: ಉತ್ತರ ಒತ್ತುವ ಮೊದಲು ಉಳಿದ ಮೂರು ಯಾಕೆ ಅಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು, ತುಟಿ ಅಲ್ಲಾಡಿದ್ದು ಅವರಿಗೆ ಕಾಣಬೇಕು. ಅಲ್ಲಾಡದಿದ್ದರೆ ಟೇಬಲ್ ಬಡಿಯುತ್ತಿದ್ದರು. ತೊಂಬತ್ತೊಂದು ಎಪ್ಪತ್ತಕ್ಕೆ ಇಳಿಯಿತು, ಕೊನೆಯ ವಾರ ಎಪ್ಪತ್ತಮೂರಾಯಿತು. ಇಷ್ಟು ಕಡಿಮೆ ಇಟ್ಟುಕೊಂಡು ಹೋಗುವುದು ಸರಿಯೇ ಎಂದು ಅಂಜಿಕೆಯಾಯಿತು. ಆದರೆ ಆ ಎಪ್ಪತ್ತಮೂರು ನನ್ನದಾಗಿತ್ತು. ಹಾಗೆಂದು ಈಗ ಅನ್ನಿಸುತ್ತದೆ. ಆಗ ಬರೀ ಅಂಜಿಕೆಯೇ ಇತ್ತೇನೋ.

ಪರೀಕ್ಷೆಯ ಕೇಂದ್ರದಲ್ಲಿ ವಾಚು, ಬಳೆ, ಕರವಸ್ತ್ರ ಎಲ್ಲವನ್ನೂ ಲಾಕರಿನಲ್ಲಿ ಇಡಿಸಿದರು. ಮೊದಲ ಹತ್ತು ಪ್ರಶ್ನೆಗಳಲ್ಲಿ ಒಂದೂ ಪರಿಚಯದ ಮುಖ ಇರಲಿಲ್ಲ. ಅಭ್ಯಾಸದ ಪ್ರಶ್ನೆಗಳಂತೆ ಒಂದೂ ಇಲ್ಲ, ಎಲ್ಲ ಹೋಯಿತು, ಇನ್ನೆರಡು ವರ್ಷ ಫಾಲೋಅಪ್ ಎಂದುಕೊಂಡೆ. ಆಮೇಲೆ ಮಾಡಲು ಬೇರೇನೂ ಇಲ್ಲದ್ದರಿಂದ ಹನ್ನೊಂದನೆಯದನ್ನು ನಿಧಾನವಾಗಿ ಓದಿದೆ. ಯಾರಿಗೆ ಏನಾಗಿದೆ, ಯಾರನ್ನು ಇನ್ನೂ ಕೇಳಿಲ್ಲ ಎಂದು ಹುಡುಕಿದೆ. ಹೀಗೇ ಹನ್ನೆರಡು, ಹದಿಮೂರು. ಪಕ್ಕದ ಸೀಟಿನವರು ನನ್ನ ಕಡೆ ಎರಡು ಸಲ ತಿರುಗಿ ನೋಡಿದರು. ತುಟಿಯ ಜೊತೆ ಸ್ವರವೂ ಹೊರಟಿತ್ತೆಂದು ಕಾಣುತ್ತದೆ. ಮುಗಿಸಿದಾಗ ನಾಲ್ಕೋ ಐದೋ ನಿಮಿಷ ಉಳಿದಿತ್ತು.

ಹೊರಗೆ ಮೇಜಿನ ಬಳಿ ಒಂದು ಹಾಳೆ ಕೊಟ್ಟರು. ಪಾಸ್. ಮೆಟ್ಟಿಲ ಮೇಲೆ ನಿಂತು ಮಾಲೀಕರಿಗೆ ಫೋನ್ ಮಾಡಿದೆ. "ಸರಿ ಮೇಡಂ, ನಾಳೆ ಗಿರಾಕಿಗೆ ನಿಮ್ಮ ಹೆಸ್ರು ಕಳಿಸ್ತೀನಿ," ಎಂದರು. ಅಷ್ಟೇ. ಮೂರು ತಿಂಗಳು ಬಯಸಿದ ವಾಕ್ಯ ಅಷ್ಟು ಚಿಕ್ಕದಾಗಿತ್ತು, ಆದರೂ ಇನ್ನೊಮ್ಮೆ ಕೇಳಬೇಕೆನ್ನಿಸಿತು.

ಮನೆಯಲ್ಲಿ ಅತ್ತೆ ಹಾಳೆಯನ್ನು ಬಲಗಣ್ಣಿನ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ನೋಡಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಮಾರ್ಕ್ಸ್ ಎಲ್ಲೈತಿ?"

"ಮಾರ್ಕ್ಸ್ ಕೊಡಲ್ಲ ಅತ್ತೆ. ಪಾಸು, ಫೇಲು ಅಷ್ಟೇ ಹೇಳ್ತಾರೆ. ಮೂರು ವಿಭಾಗ ಇದೆ, ಒಂದೊಂದ್ರಲ್ಲಿ ಚೆನ್ನಾಗಿದೆ, ಸಾಧಾರಣ ಅಂತ ಬರೆದಿರ್ತಾರೆ ನೋಡಿ."

"ಅಲ್ಲಾ, ನೂರ ಎಂಬತ್ತು ಪ್ರಶ್ನಿ ಬರಸಿ ಮಾರ್ಕ್ಸ್ ಕೊಡಂಗಿಲ್ಲಂದ್ರ? ಯಾವ ಪ್ರಶ್ನಿ ತಪ್ಪಾತು ಅಂತ ಹೆಂಗ ತಿಳೀಬೇಕು?"

"ತಿಳಿಯಲ್ಲ."

"ಹಂಗಾರ ನೀ ಒಂದೊಂದ ಹೇಳು, ನೋಡೂಣು."

"ಪ್ರಶ್ನೆ ಹೊರಗೆ ಹೇಳಬಾರದು ಅಂತ ಸಹಿ ಮಾಡಿಸ್ಕೊಂಡಿದಾರೆ."

ಇದಕ್ಕೆ ಮಾತ್ರ ಅವರು ತಲೆದೂಗಿದರು. "ಅದು ಚಲೋ ಮಾಡ್ಯಾರ." ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ತಲೆಯ ಮೇಲೆ ಕೈಯಿಟ್ಟು "ಪಾಸಾದಿ, ಸಾಕು" ಎಂದರು.

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಅತ್ತೆ ಹಾಲಿನಲ್ಲಿ ಫೋನ್ ತೆಗೆದು ಎರಡನೇ ಮಹಡಿಯ ಅಜ್ಜಿಗೆ ಸುದ್ದಿ ಹೇಳುತ್ತಿದ್ದರು. ಸೊಸೆ ಪಾಸಾದಳು, ದೊಡ್ಡ ಪರೀಕ್ಷೆ, ಅಮೆರಿಕದವರು ಮಾಡುವುದು, ನೀರೂ ಬಿಡುವುದಿಲ್ಲ ಎಂದೆಲ್ಲ ಆಯಿತು. ಆ ಕಡೆಯಿಂದ ಏನೋ ಕೇಳಿರಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಮಕ್ಕಳಿಗೆ ಅರ್ಧ ಅಂಕವನ್ನೂ ದಾನ ಕೊಡದ ಹೆಂಗಸು ಸ್ಪಷ್ಟವಾಗಿ ಹೇಳಿದರು:

"ಎಂಬತ್ತೆರಡು."

ನಾನು ಚಹಾಪುಡಿಯ ಡಬ್ಬಿ ಹಿಡಿದು ನಿಂತೆ, ತಿದ್ದಲು ಹೋಗಲಿಲ್ಲ. ಮರುದಿನ ಲಿಫ್ಟಿನಲ್ಲಿ ತುದಿ ಮನೆಯ ಟೀಚರಮ್ಮ "ಎಂಬತ್ತೆರಡಂತೆ, ಕಂಗ್ರಾಟ್ಸ್!" ಎಂದರು. ವಾಚ್‌ಮನ್ ಅಣ್ಣನಿಗೂ ಗೊತ್ತಾಗಿತ್ತು. ಈಗ ಯಾರಾದರೂ ಎಷ್ಟು ಬಂತು ಎಂದು ಕೇಳಿದರೆ, ಅಂಕ ಕೊಡುವುದಿಲ್ಲ ಎಂದು ವಿವರಿಸುವ ಮೊದಲೇ ನನ್ನ ಬಾಯಿಗೆ ಆ ಸಂಖ್ಯೆ ಬಂದುಬಿಡುತ್ತದೆ. ಪರದೆಯ ಮೇಲೆ ಅದನ್ನು ನೋಡಿದ ಹಾಗೆ ಒಂದೆರಡು ಸಲ ನೆನಪೂ ಆಗಿದೆ.